ಎರೆಮಣ್ಣಲ್ಲಿ ಗಣಪ್ಪ: ಬಿರುಕು ಬಿಡದ ಹಾಗೆ ಮಾಡುವುದು ಹೇಗೆ?

ಶಹಾಬಜಾರ್ ಸೊಸೆ:

ಎಲ್ಲರಿಗೂ ಶರಣು. 2026ರ ಚೌತಿ ಸೆಪ್ಟೆಂಬರ್ 14ಕ್ಕೆ ಬಂದಿದೆ. ಗಣಪ್ಪನನ್ನು ಮನೆಯಲ್ಲೇ ಮಾಡಬೇಕು, ಮನೆಯಲ್ಲೇ ವಿಸರ್ಜನೆ ಮಾಡಬೇಕು ಅಂತ ಎಲ್ಲರೂ ಸೇರಿ ಮಾತಾಡಿಕೊಂಡಿದ್ದೇವೆ. ಅದಕ್ಕೆ ಕಾರಣ ಇದೆ. ಹೋದ ವರ್ಷ ಅಂಗಡಿಯೊಂದರಲ್ಲಿ "ಪಕ್ಕಾ ಮಣ್ಣಿಂದೇ ರೀ" ಅಂತ ಹೇಳಿ ಮೂರ್ತಿ ಕೊಟ್ಟರು. ಬಕೆಟ್ಟಿನಲ್ಲಿ ಇಟ್ಟೆವು. ಬಣ್ಣ ಪೊರೆ ಬಿಟ್ಟು ನೀರಿನ ಮೇಲೆ ತೇಲಿತು. ಮೂರ್ತಿ ಮಾತ್ರ ಹಾಗೇ ಕೂತಿತ್ತು. ವಾರ ಕಳೆದರೂ ಸೊಂಡಿಲಿನ ತುದಿ ಸಹ ಕರಗಲಿಲ್ಲ. ಪೂಜೆ ಮಾಡಿದ ದೇವರು ಆ ಸ್ಥಿತಿಯಲ್ಲಿ ಇರುವುದನ್ನು ನೋಡಿ ಅತ್ತೆಗೆ ಬಹಳ ಸಂಕಟ ಆಯಿತು.

ಈಗಿನ ತೊಂದರೆ ಬೇರೆ. ಎಲ್ಲಿ ಓದಿದರೂ "ಜೇಡಿಮಣ್ಣು ತನ್ನಿ" ಅಂತಾರೆ. ನಮ್ಮ ಕಲಬುರಗಿ ಸುತ್ತ ಇರುವುದು ಎರೆಮಣ್ಣು, ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಗೋದಲಿ ಮಾಡಿ ಉಳಿದ ಮಣ್ಣಿನಲ್ಲಿ ಮಕ್ಕಳು ಒಂದು ಗಣಪ್ಪನನ್ನೂ ಮಾಡಿ ಬಿಸಿಲಿಗಿಟ್ಟರು. ಮರುದಿನ ನೋಡಿದರೆ ಹೊಟ್ಟೆ ಎರಡು ಹೋಳು. ಎತ್ತುಗಳಿಗೆ ಏನೂ ಆಗಿರಲಿಲ್ಲ. ಒಂದೇ ಮಣ್ಣು, ಒಂದೇ ಬಿಸಿಲು. ಗಣಪ್ಪ ಮಾತ್ರ ಯಾಕೆ ಒಡೆದ? ನಮ್ಮ ಕಡೆ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಜೇವರ್ಗಿ ರೈತ:

ತಂಗಿ, ಎತ್ತು ಬೆರಳು ದಪ್ಪ, ಗಣಪ್ಪನ ಹೊಟ್ಟೆ ಮುಷ್ಟಿಗಿಂತ ದಪ್ಪ. ಅದೇ ವ್ಯತ್ಯಾಸ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ನಮ್ಮ ಹೊಲಕ್ಕೆ ಬಂದು ನೋಡಿ, ಕೈ ಒಳಗೆ ಹೋಗುವಷ್ಟು ಬಿರುಕು ಬಿಟ್ಟಿರುತ್ತೆ. ಸಣ್ಣ ವಸ್ತು ಒಳಗೂ ಹೊರಗೂ ಒಟ್ಟಿಗೆ ಒಣಗುತ್ತೆ. ದಪ್ಪದ್ದಾದರೆ ಮೇಲಿನ ಸಿಪ್ಪೆ ಮೊದಲು ಒಣಗಿ ಕುಗ್ಗುತ್ತೆ, ಒಳಗಿನ್ನೂ ಹಸಿ ಇರುತ್ತೆ. ಸಿಪ್ಪೆಗೆ ಜಾಗ ಸಾಲದೆ ಸೀಳುತ್ತೆ.

ಇನ್ನೊಂದು ಮಾತು. ಬೆಳೆ ಹಾಕಿದ ಹೊಲದ ಮೇಲ್ಮಣ್ಣು ತರಬೇಡಿ. ಅದರಲ್ಲಿ ಬೇರು, ಕಡ್ಡಿ, ಸುಣ್ಣದ ಹರಳು ಇರುತ್ತವೆ. ಗೊಬ್ಬರ, ಔಷಧಿಯನ್ನೂ ಅದಕ್ಕೇ ಹಾಕಿರುತ್ತೇವೆ. ಮಕ್ಕಳು ಬರಿಗೈಲಿ ಕಲಸುವ ಮಣ್ಣು ಅದು, ಅಲ್ವಾ? ಹಳ್ಳದ ದಂಡೆಯಲ್ಲಿ ಅಥವಾ ಕೆರೆ ಅಂಗಳದಲ್ಲಿ ನೀರು ಇಳಿದ ಮೇಲೆ ಪದರ ಪದರವಾಗಿ ಕೂತಿರುವ ನಯವಾದ ಮಣ್ಣು ಒಳ್ಳೆಯದು. ಊರಿನವರನ್ನು ಕೇಳಿ ಒಂದು ಚೀಲ ತಂದರೆ ಸಾಕು.

ಕುಂಬಾರ ಓಣಿ ಮಗಳು:

ಅಕ್ಕಾ, ನಾನು ಕುಂಬಾರರ ಮನೆಯವಳು. ಈಗ ಕಲಬುರಗಿಯಲ್ಲಿ ನೌಕರಿ. ಆದರೆ ಮಣ್ಣೆತ್ತಿನ ಅಮಾವಾಸ್ಯೆಯಿಂದ ಚೌತಿ ಮುಗಿದು ಜೋಕುಮಾರ ಬರುವ ತನಕ ಪ್ರತಿ ರವಿವಾರ ಊರಲ್ಲೇ ಇರುತ್ತೇನೆ. ನಮ್ಮ ಮನೆಗೆ ಅದೇ ದೊಡ್ಡ ಸುಗ್ಗಿ. ಎತ್ತು, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಆಮೇಲೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರುವ ಜೋಕುಮಾರ. ಎಲ್ಲಾ ಒಂದೇ ಗುಂಡಿಯ ಮಣ್ಣಿನವು. ನಮ್ಮ ಕಡೆ ಹಬ್ಬಕ್ಕೆ ಮಣ್ಣು ಹೊಸದೇನಲ್ಲ. ಗಣಪ್ಪ ಒಬ್ಬನೇ ನಡುವೆ ಪಿಒಪಿಗೆ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೋಗಿಬಿಟ್ಟ.

ಕಲಸುವ ರೀತಿ ಹೇಳುತ್ತೇನೆ, ನಿಧಾನವಾಗಿ ಓದಿ. ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ. ಹೆಂಟೆ ಒಡೆದು ಪುಡಿ ಮಾಡಿ, ಜೋಳದ ಹಿಟ್ಟು ಸೋಸುವ ಜರಡಿಯಲ್ಲಿ ಸೋಸಿ. ಆಮೇಲೆ ನೀರು ಚಿಮುಕಿಸಿ ಒಂದು ರಾತ್ರಿ ಹಾಗೇ ಬಿಡಿ. ಒಣ ಮಣ್ಣಿಗೆ ನೀರು ಹಾಕಿ ಕೂಡಲೇ ಕಲಸಿದರೆ ಒಳಗೆ ಒಣಗಂಟು ಉಳಿಯುತ್ತೆ. ಬಿರುಕು ಶುರುವಾಗುವುದೇ ಅಲ್ಲಿಂದ.

ಬರೀ ಎರೆಮಣ್ಣು ಬೇಡ. ಮೂರು ಪಾಲಿಗೆ ಒಂದು ಪಾಲಿನಷ್ಟು ಸೋಸಿದ ಮಸಾರಿ (ಕೆಂಪು) ಮಣ್ಣು ಅಥವಾ ನಯವಾದ ಮರಳು ಸೇರಿಸಿ. ಅವು ಕುಗ್ಗುವುದಿಲ್ಲ, ಹಾಗಾಗಿ ಒಟ್ಟು ಮುದ್ದೆಯೇ ಕಡಿಮೆ ಕುಗ್ಗುತ್ತೆ. ಜೊತೆಗೆ ಹತ್ತಿ. ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಸ್ವಲ್ಪ ಸ್ವಲ್ಪವೇ ಮಣ್ಣಿನ ಮೇಲೆ ಹಾಕಿ ಕೈಯಿಂದ ಬಡಿಯಬೇಕು. ಒಂದೇ ಸಲ ಮುದ್ದೆಯಾಗಿ ಹಾಕಿದರೆ ಅದೊಂದೇ ಜಾಗದಲ್ಲಿ ಕೂರುತ್ತೆ. ಸರಿಯಾಗಿ ಸೇರಿದ್ದರೆ ಮುದ್ದೆ ಹರಿದಾಗ ಎಳೆಗಳು ಎರಡೂ ಕಡೆ ಹಿಡಿದುಕೊಂಡಿರುವುದು ಕಾಣುತ್ತೆ. ಬಿರುಕು ಬಿಡಲು ಹೊರಟ ಮಣ್ಣನ್ನು ಹಿಡಿದು ನಿಲ್ಲಿಸುವುದು ಆ ಎಳೆಗಳೇ. ಹತ್ತಿ ಇಲ್ಲದಿದ್ದರೆ ಹಳೇ ಪೇಪರ್ ನೆನೆಸಿ ರುಬ್ಬಿ ಹಾಕಿದರೂ ಆಗುತ್ತೆ.

ಆದರೆ ಪ್ರತಿ ಊರಿನ ಮಣ್ಣು ಬೇರೆ. ಅದಕ್ಕೇ ಮೊದಲು ಬಿಲ್ಲೆ ಮಾಡಿ ನೋಡಿ. ರೊಟ್ಟಿ ಹಿಟ್ಟಿನ ಉಂಡೆಯಷ್ಟು ಮಣ್ಣು ತಟ್ಟಿ ನೆರಳಿಗಿಡಿ. ಒಂದಕ್ಕೆ ಮರಳು ಕಡಿಮೆ, ಒಂದಕ್ಕೆ ಜಾಸ್ತಿ. ಯಾವುದು ಬಿರುಕು ಬಿಡದೆ, ಉಗುರಿನಿಂದ ಕೆರೆದರೆ ಪುಡಿಪುಡಿ ಉದುರದೆ ಇರುತ್ತೋ ಅದೇ ನಿಮ್ಮ ಅಳತೆ.

ಹೊಟ್ಟೆಯ ವಿಷಯ. ಹೊರಗಿನಿಂದ ಎಷ್ಟು ದಪ್ಪ ಬೇಕಾದರೂ ಇರಲಿ, ಒಳಗೆ ಟೊಳ್ಳು ಮಾಡಿ. ಮೂರ್ತಿ ಸ್ವಲ್ಪ ಗಟ್ಟಿಯಾದ ಮೇಲೆ ಮೆಲ್ಲಗೆ ಮಲಗಿಸಿ, ಪೀಠದ ಕೆಳಗಿನಿಂದ ಚಮಚದಲ್ಲಿ ಮಣ್ಣು ತೆಗೆಯಿರಿ. ಗೋಡೆ ಒಂದು ಇಂಚು ಉಳಿದರೆ ಸಾಕು. ಕಿವಿ, ಸೊಂಡಿಲು, ಕೈ ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಅದೇ ಮಣ್ಣಿನ ತೆಳು ಕೆಸರು ಹಚ್ಚಿ ಒತ್ತಬೇಕು. ಸುಮ್ನೆ ನೀರು ಹಚ್ಚಿ ಅಂಟಿಸಿದರೆ ಒಣಗಿದಾಗ ಕಿವಿ ಕೈಗೇ ಬರುತ್ತೆ.

ಒಣಗಿಸುವುದು ನೆರಳಲ್ಲೇ. ಮೊದಲ ಎರಡು ದಿನ ಒದ್ದೆ ಬಟ್ಟೆ ಮುಚ್ಚಿಡಿ. ಆಮೇಲೆ ಬಟ್ಟೆ ತೆಗೆದು ಗಾಳಿ ಜೋರಾಗಿ ಬೀಸದ ಮೂಲೆಯಲ್ಲಿ ಇಡಿ, ಫ್ಯಾನ್ ಕೆಳಗೆ ಬೇಡ. ಮಳೆಗಾಲದಲ್ಲಿ ಹತ್ತು ಹದಿನೈದು ದಿನ ಬೇಕಾಗಬಹುದು. ನಮ್ಮ ಮುತ್ಯಾ ಒಂದೇ ಮಾತು ಹೇಳುತ್ತಿದ್ದರು: "ಮಣ್ಣಿಗೆ ಅವಸರ ಮಾಡಬ್ಯಾಡ್ರಿ." ಹಾಗಾಗಿ ಅಕ್ಕಾ, ಚೌತಿ ವಾರದಲ್ಲಿ ಕೈ ಹಾಕಬೇಡಿ. ನಡುವೆ ಅಧಿಕ ಮಾಸ ಬಾರದಿದ್ದರೆ ಮಣ್ಣೆತ್ತಿನ ಅಮಾವಾಸ್ಯೆಗೂ ಚೌತಿಗೂ ಎರಡು ತಿಂಗಳ ಮೇಲೆ ನಾಲ್ಕು ತಿಥಿ ಅಂತರ. ಎತ್ತಿನ ಮಣ್ಣು ತರುವಾಗಲೇ ಗಣಪ್ಪನ ಮಣ್ಣನ್ನೂ ತಂದಿಡುವುದು ನಮ್ಮ ರೂಢಿ.

ಬೀದರ್ ಓದುಗ:

ಬಹಳ ಉಪಯೋಗದ ಮಾತು ತಂಗಿ. ನಮ್ಮ ಬೀದರಿನಲ್ಲಿ ಉಲ್ಟಾ ಸಮಸ್ಯೆ. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೆಮ್ಮಣ್ಣು ಅಷ್ಟು ಬಿರುಕು ಬಿಡುವುದಿಲ್ಲ, ಆದರೆ ಅಂಟು ಕಡಿಮೆ. ಸೊಂಡಿಲು ಬಗ್ಗಿಸಿದರೆ ಮುರಿಯುತ್ತೆ. ನಾವು ಭಾಲ್ಕಿ ಕಡೆಯಿಂದ ಎರೆಮಣ್ಣು ತಂದು ಅರ್ಧಕ್ಕರ್ಧ ಬೆರೆಸುತ್ತೇವೆ. ಬಣ್ಣವೇ ಬೇಡ, ಕೆಂಪು ಮಿಶ್ರ ಕಂದು ಅಷ್ಟು ಚೆಂದ ಬರುತ್ತೆ.

ನಮ್ಮ ಊರಿನವರಿಗೆ ಮಣ್ಣಿನ ಬೆಲೆ ಗೊತ್ತು. ಬಿದರಿ ಪಾತ್ರೆಯ ಮೇಲೆ ಬೆಳ್ಳಿ ಹೊಳೆಯಬೇಕಾದರೆ, ಸುತ್ತಲಿನ ಲೋಹ ಕಪ್ಪಾಗಬೇಕಾದರೆ ಕೋಟೆಯ ಹಳೇ ಮಣ್ಣೇ ಬೇಕು. ಅದೇ ಊರಲ್ಲಿ ಹೊರಗಿನಿಂದ ಲಾರಿಯಲ್ಲಿ ಬಂದ ಪಿಒಪಿ ಗಣಪ್ಪನನ್ನು ತರುವುದು ನನಗಂತೂ ಸರಿ ಅನಿಸುವುದಿಲ್ಲ.

ಸೇಡಂ ಮೇಷ್ಟ್ರು:

ಮೊದಲನೇ ಪೋಸ್ಟಿನ ಬಕೆಟ್ ಬಗ್ಗೆ ಹೇಳಬೇಕು. ಆ ಮೂರ್ತಿ ಖಂಡಿತ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಂ ಖನಿಜವನ್ನು ಸುಮಾರು 150 ಡಿಗ್ರಿ ಬಿಸಿ ಮಾಡಿ ಅದರೊಳಗಿನ ನೀರು ಹೊರಗೆ ಹಾಕಿದರೆ ಆ ಪುಡಿ ಸಿಗುತ್ತೆ. ಮತ್ತೆ ನೀರು ಕಲಸಿ ಅಚ್ಚಿಗೆ ಹೊಯ್ದರೆ ತಿರುಗಿ ಜಿಪ್ಸಂ ಆಗಿ ಗಟ್ಟಿಯಾಗುತ್ತೆ. ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಎರಡೂವರೆ ಗ್ರಾಂ ಅಷ್ಟೇ. ಮೂರು ಕಿಲೋ ಮೂರ್ತಿ ಪೂರ್ತಿ ಕರಗಲು ಸಾವಿರ ಲೀಟರಿಗಿಂತ ಜಾಸ್ತಿ ನೀರು ಬೇಕು. ಬಕೆಟ್ಟಿನಲ್ಲಿ ಹೇಗೆ ಕರಗುತ್ತೆ? ಕೆರೆಗೆ ಹಾಕಿದರೂ ತಳದಲ್ಲಿ ತಿಂಗಳುಗಟ್ಟಲೆ ಹಾಗೇ ಕೂರುತ್ತೆ. ಮೇಲಿನ ಹೊಳಪು ಬಣ್ಣಗಳಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇರಬಹುದು. ಅವು ಎಲ್ಲಿಗೂ ಹೋಗುವುದಿಲ್ಲ, ಕೆಸರಿನಲ್ಲೇ ಉಳಿಯುತ್ತವೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಕೊಟ್ಟಿತ್ತು. 2020ರ ಮೇ ತಿಂಗಳಲ್ಲಿ ಅದನ್ನು ಬಿಗಿ ಮಾಡಿ ಪಿಒಪಿ ಮೂರ್ತಿ ಬೇಡವೇ ಬೇಡ ಅಂದಿತು. ನಮ್ಮ ರಾಜ್ಯದ ಮಂಡಳಿ ಅದಕ್ಕೂ ಮೊದಲೇ 2016ರಲ್ಲಿ ನಿಷೇಧದ ಆದೇಶ ಹೊರಡಿಸಿದೆ. ಆದರೂ ಮಾರುವವರು ಮಾರುತ್ತಾರೆ, ಹಾಗಾಗಿ ಕೊಳ್ಳುವವರೇ ನೋಡಿ ತರಬೇಕು. ಮೂರ್ತಿ ತಿರುಗಿಸಿ ತಳ ನೋಡಿ, ಅಲ್ಲಿ ಬಣ್ಣ ಇರುವುದಿಲ್ಲ. ಬೆರಳು ಒದ್ದೆ ಮಾಡಿ ಜೋರಾಗಿ ಉಜ್ಜಿ. ಮಣ್ಣಾದರೆ ಬೆರಳಿಗೆ ಕೆಸರು ಅಂಟುತ್ತೆ, ಹಸಿ ವಾಸನೆ ಬರುತ್ತೆ. ಪಿಒಪಿ ಆದರೆ ಬೆಳ್ಳಗೆ ಸ್ವಲ್ಪ ಪುಡಿ ಬರಬಹುದು, ಕೆಸರು ಬರುವುದಿಲ್ಲ. ಗಾತ್ರಕ್ಕೆ ತಕ್ಕ ತೂಕವೂ ಇರುವುದಿಲ್ಲ.

ಬ್ರಹ್ಮಪುರ ಹಿರಿಯ:

ನಿಮ್ಮೆಲ್ಲರ ಕಾಳಜಿ ಒಪ್ಪುತ್ತೇನೆ. ಆದರೆ ಬಕೆಟ್ಟಿನಲ್ಲಿ ದೇವರನ್ನು ಮುಳುಗಿಸುವುದು ನನ್ನ ಮನಸ್ಸಿಗೆ ಬರುವುದಿಲ್ಲ. ನಮ್ಮ ತಂದೆಯವರು ಗಣಪ್ಪನನ್ನು ತಲೆ ಮೇಲೆ ಹೊತ್ತು ಅಪ್ಪನ ಕೆರೆಗೆ ಹೋಗುತ್ತಿದ್ದರು. ಓಣಿಯೆಲ್ಲಾ ಜೊತೆಗೆ ಬರುತ್ತಿತ್ತು. ಹಬ್ಬ ಅಂದರೆ ಜನ ಕೂಡುವುದು. ಎಲ್ಲರೂ ತಮ್ಮ ತಮ್ಮ ಬಚ್ಚಲಿನಲ್ಲಿ ಮುಗಿಸಿದರೆ ಏನುಳಿಯುತ್ತೆ? ವಿಸರ್ಜನೆ ಕೆರೆ, ಹೊಳೆಯಲ್ಲೇ ಆಗಬೇಕು ಅನ್ನುವುದು ನಮ್ಮ ನಂಬಿಕೆ.

ಶಹಾಬಜಾರ್ ಸೊಸೆ:

ಅಜ್ಜಾವ್ರೆ, ನಿಮ್ಮ ಮಾತು ನಮ್ಮ ಅತ್ತೆಯವರ ಬಾಯಿಂದಲೂ ಬಂತು. ಬಚ್ಚಲಿನಲ್ಲಿ ಖಂಡಿತ ಇಲ್ಲ. ಮನೆಯಲ್ಲಿ ಹಳೇ ತಾಮ್ರದ ಹಂಡೆ ಇದೆ. ಹುಣಸೆಹಣ್ಣು ಹಚ್ಚಿ ತೊಳೆದು, ಅಂಗಳದಲ್ಲಿ ರಂಗೋಲಿ ಹಾಕಿ ಅದರ ಮೇಲಿಡುತ್ತೇವೆ. ಪಕ್ಕದ ಮನೆಯವರೂ ತಮ್ಮ ಗಣಪ್ಪನನ್ನು ಅಲ್ಲಿಗೇ ತರುತ್ತಾರೆ. ಆರತಿ, ಮಂಗಳಾರತಿ ಹಾಡು, ಕರ್ಚಿಕಾಯಿ ಹಂಚುವುದು ಎಲ್ಲಾ ಅಲ್ಲೇ.

ಚಿತ್ತಾಪುರ ಪೂಜಾರಿ:

ಪೂಜೆಯ ಕ್ರಮದಲ್ಲಿ ಎರಡು ಘಟ್ಟ ಇವೆ, ಗಮನಿಸಿ. ಮೊದಲು ಉತ್ತರಪೂಜೆ. ಅಕ್ಷತೆ ಹಾಕಿ, "ಹೋಗಿ ಬಾ, ಮುಂದಿನ ವರ್ಷ ಮತ್ತೆ ಬಾ" ಅಂತ ಬೇಡಿಕೊಂಡು ಮೂರ್ತಿಯನ್ನು ಕೂತ ಜಾಗದಿಂದ ಸ್ವಲ್ಪ ಸರಿಸುತ್ತೇವೆ. ಆವಾಹನೆ ಮಾಡಿದ ದೇವರನ್ನು ಬೀಳ್ಕೊಡುವುದು ಆಗಲೇ. ಆಮೇಲೆ ಉಳಿಯುವುದು ಮಣ್ಣನ್ನು ನೀರಿಗೆ ಸೇರಿಸುವ ಕೆಲಸ. ಅದು ಶುದ್ಧ ನೀರಿನಲ್ಲಿ ಗೌರವದಿಂದ ಆಗಬೇಕು ಅಷ್ಟೇ. ಹಂಡೆಯಲ್ಲಿ ಮಾಡಿದರೆ ದೋಷ ಇಲ್ಲ. ಎಷ್ಟೋ ಮನೆಗಳಲ್ಲಿ ಹಿತ್ತಲ ಬಾವಿಯಲ್ಲೇ ಮಾಡುತ್ತಿದ್ದರು, ಅದನ್ನು ಯಾರೂ ತಪ್ಪು ಅನ್ನಲಿಲ್ಲ.

ಬ್ರಹ್ಮಪುರ ಹಿರಿಯ:

ಪೂಜಾರಿಯವರ ಮಾತು ತಿಳಿಯಿತು. ಅಂಗಳದಲ್ಲಿ ನಾಲ್ಕು ಮನೆಯವರು ಕೂಡುತ್ತೀರಿ ಅಂದದ್ದು ಸಂತೋಷ. ನಾನು ಮಾತ್ರ ನಮ್ಮದನ್ನು ಭೀಮೆಗೇ ಒಯ್ಯುತ್ತೇನೆ, ವಯಸ್ಸಾದ ಮೇಲೆ ಆ ರೂಢಿ ಬಿಡಲಾರೆ. ಮೂರ್ತಿ ಮಣ್ಣಿನದ್ದೇ ಇರುತ್ತೆ, ಬಣ್ಣ ಇರುವುದಿಲ್ಲ. ಹೂವು, ಬಟ್ಟೆ, ಹಾರ ಎಲ್ಲಾ ಮನೆಯಲ್ಲೇ ಬಿಚ್ಚಿ ಒಯ್ಯುತ್ತೇನೆ. ಅಷ್ಟು ಮಾತು ಕೊಡುತ್ತೇನೆ.

ಜೇವರ್ಗಿ ರೈತ:

ಅಜ್ಜಾವ್ರೆ, ಶರಣು. ಹೊಳೆಯ ದಂಡೆಯಲ್ಲಿ ಇರುವವನಾಗಿ ಹೇಳುತ್ತೇನೆ, ನಿಮ್ಮ ಹಾಗೆ ಹಾರ ಬಿಚ್ಚಿ ತರುವವರು ಕಡಿಮೆ. ಪ್ಲಾಸ್ಟಿಕ್ ಚೀಲದ ಸಮೇತ ಹೂವು ಎಸೆದು ಹೋಗುತ್ತಾರೆ. ದನ ಆ ಚೀಲ ತಿನ್ನುತ್ತವೆ. ಕಲಬುರಗಿ ನಗರದ ನಲ್ಲಿಗೆ ಬರುವ ನೀರು ಇದೇ ಭೀಮೆ ಮತ್ತು ಬೆಣ್ಣೆತೊರೆಯದು. ಎಸೆದವರ ಮನೆಗೇ ಅದು ತಿರುಗಿ ಬರುತ್ತೆ.

ಸೂಪರ್ ಮಾರ್ಕೆಟ್ ಹತ್ತಿರದವನು:

ನೀರಿನ ಮಾತು ಬಂತಲ್ಲ, ಕೇಳಿಯೇ ಬಿಡುತ್ತೇನೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಒಂದು ಹಂಡೆ ನೀರು ಇದಕ್ಕೆ ಅಂತ ಎತ್ತಿಡುವುದು ಸರಿಯಾ?

ಕುಂಬಾರ ಓಣಿ ಮಗಳು:

ಅಣ್ಣಾ, ಗೇಣುದ್ದ ಗಣಪ್ಪನಿಗೆ ಅರ್ಧ ಹಂಡೆಯೂ ಬೇಡ. ಪೂರ್ತಿ ಮುಳುಗಬೇಕಿಲ್ಲ. ಪಾದ, ಹೊಟ್ಟೆ ಮುಳುಗಿದರೆ ಮೇಲಿನದು ತಾನೇ ಕುಸಿಯುತ್ತೆ, ಒಂದೆರಡು ತಂಬಿಗೆ ಮೇಲಿನಿಂದ ಹಾಕಿದರಾಯಿತು. ಒಂದೇ ಷರತ್ತು, ಮೂರ್ತಿ ಎಲುಬಿನಷ್ಟು ಒಣಗಿರಬೇಕು. ಚೆನ್ನಾಗಿ ಒಣಗಿದ ಮಣ್ಣು ನೀರಿಗಿಟ್ಟ ಕೂಡಲೇ ಬುಳುಬುಳು ಗುಳ್ಳೆ ಬಿಟ್ಟು ಪದರ ಪದರ ಉದುರುತ್ತೆ. ಮಕ್ಕಳು ನೋಡಬೇಕು ಅದನ್ನು. ಅರೆಹಸಿ ಮೂರ್ತಿ ಹಾಗಲ್ಲ, ಗಟ್ಟಿ ಮುದ್ದೆಯಾಗಿ ಕೂತು ಬೇಗ ಬಿಡುವುದಿಲ್ಲ. ಮೇಲೆ ಆಯಿಲ್ ಪೇಂಟ್, ವಾರ್ನಿಶ್ ಹಚ್ಚಿದ್ದರೂ ನೀರು ಒಳಗೆ ಇಳಿಯುವುದಿಲ್ಲ. ಉಳಿದ ನೀರು ಗಿಡಕ್ಕೆ ಹಾಕಿ, ಹನಿಯೂ ವ್ಯರ್ಥ ಆಗುವುದಿಲ್ಲ.

ಬಣ್ಣ ಬೇಕೇ ಬೇಕು ಅಂದರೆ ಅರಿಷಿಣ, ಕಾವಿ, ಸುಣ್ಣ, ಕಣ್ಣಿಗೆ ಇದ್ದಿಲು. ಆದರೆ ಅರಿಷಿಣಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತೆ, ಪೀತಾಂಬರ ಹಳದಿ ಇರಬೇಕಾದರೆ ಪಕ್ಕದಲ್ಲಿ ಸುಣ್ಣ ಬೇಡ.

ಜೇವರ್ಗಿ ರೈತ:

ಗಿಡಕ್ಕೆ ಹಾಕುವ ವಿಷಯದಲ್ಲಿ ಒಂದು ಎಚ್ಚರಿಕೆ. ಎರೆಮಣ್ಣಿನ ಕೆಸರನ್ನು ಹಾಗೇ ಕುಂಡಕ್ಕೆ ಸುರಿಯಬೇಡಿ. ಒಣಗಿ ಕಲ್ಲಿನಂತೆ ಗಟ್ಟಿಯಾಗುತ್ತೆ, ಬೇರಿಗೆ ಗಾಳಿ ಹೋಗುವುದಿಲ್ಲ. ಮೇಲಿನ ತಿಳಿ ನೀರನ್ನು ಗಿಡಕ್ಕೆ ಹಾಕಿ. ತಳದ ಕೆಸರು ಒಣಗಿಸಿ ಪುಡಿ ಮಾಡಿ, ಅಷ್ಟೇ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ಉಪಯೋಗಿಸಿ. ಇಲ್ಲಾಂದ್ರೆ ಮುಂದಿನ ವರ್ಷದ ಮೂರ್ತಿಗೆ ಅದೇ ಪುಡಿ ಚೀಲದಲ್ಲಿ ಕಟ್ಟಿಡಿ. ಹತ್ತಿ, ಮರಳು ಎಲ್ಲಾ ಆಗಲೇ ಸೇರಿರುತ್ತೆ. ಮೂರ್ತಿಯೊಳಗೆ ಬೀಜ ಇಡುವವರೂ ಇದ್ದಾರೆ. ಹಸಿ ಮಣ್ಣಿನಲ್ಲಿ ಬೀಜ ಉಬ್ಬಿ ಮೂರ್ತಿ ಒಡೆಯಬಹುದು. ಬೀಜವನ್ನು ಬೇರೆಯಾಗಿ ಪ್ರಸಾದದ ಹಾಗೆ ಕೊಡಿ, ಕುಂಡದಲ್ಲಿ ಬಿತ್ತಲಿ.

ವಿಜಯಪುರ ತವರು:

ಅಲಂಕಾರದ ಬಗ್ಗೆ ಯಾರೂ ಹೇಳಲಿಲ್ಲ. ಥರ್ಮಾಕೋಲ್ ಮಂಟಪ ತರಬೇಡಿ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧ ಆಗಿದೆ. ನಾನು ಹಿಂದೆ ಅಜ್ಜಿಯ ಇಳಕಲ್ ಸೀರೆ ಕಟ್ಟುತ್ತೇನೆ, ಸೆರಗಿನ ಕೆಂಪು ಗಣಪ್ಪನ ತಲೆಯ ಮೇಲೆ ಬರುವ ಹಾಗೆ. ಕೆಳಗೆ ಕೌದಿ. ಎರಡು ಕಬ್ಬು, ಮಾವಿನ ತೋರಣ. ಊಟಕ್ಕೆ ಮುತ್ತುಗದ ಪತ್ರಾವಳಿ. ನಮ್ಮ ತವರಿನಲ್ಲಿ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಣ್ಣಿನಲ್ಲಿ ಮಾಡಿ ಜೋಳದ ಕಾಳು, ಗುಲಗಂಜಿ ಅಂಟಿಸುತ್ತಾರೆ. ಗಣಪ್ಪನ ಕಿರೀಟಕ್ಕೂ ಹಾಗೇ ಕಾಳು ಹಚ್ಚಬಹುದು. ಆದರೆ ಗುಲಗಂಜಿ ಬೀಜ ವಿಷ, ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಡ. ಜೋಳ, ತೊಗರಿ ಸಾಕು.

ಯಾದಗಿರಿ ಬಾಡಿಗೆ ಮನೆ:

ನಮ್ಮದು ಎರಡನೇ ಮಹಡಿ. ಅಂಗಳವೂ ಇಲ್ಲ, ಮಣ್ಣು ತರುವವರೂ ಇಲ್ಲ. ಅವ್ವ ಹೇಳಿದ ಹಾಗೆ ಸಗಣಿಯ ಬೆನಕ ಮಾಡುತ್ತೇವೆ. ಒಂದು ಹಿಡಿ ಸಗಣಿಯ ಉಂಡೆ, ಮೇಲೆ ಗರಿಕೆ. ಯಾವ ಮಂಗಳಕಾರ್ಯಕ್ಕೂ ಮೊದಲು ಹಳ್ಳಿಯಲ್ಲಿ ಪೂಜೆ ಆಗುವುದು ಅವನಿಗೇ. ದೀಪಾವಳಿಗೆ ಸಗಣಿಯಲ್ಲೇ ಪಾಂಡವರನ್ನು ಮಾಡಿ ಚೆಂಡುಹೂ ಸಿಕ್ಕಿಸುವುದಿಲ್ಲವೇ, ಹಾಗೇ ಇದು. ಪೂಜೆ ಮುಗಿದ ಮೇಲೆ ತುಳಸಿ ಕುಂಡಕ್ಕೆ ಸೇರುತ್ತಾನೆ. ದೊಡ್ಡ ಮೂರ್ತಿ ಇಲ್ಲ ಅಂತ ನಮಗೆ ಯಾವತ್ತೂ ಕೊರತೆ ಅನಿಸಿಲ್ಲ.

ಶಹಾಬಜಾರ್ ಸೊಸೆ:

ಎಷ್ಟು ಚೆನ್ನಾಗಿ ಹೇಳಿದಿರಿ ಎಲ್ಲರೂ. ಮೇಷ್ಟ್ರೆ, ಹೋದ ವರ್ಷದ ಆ ಮೂರ್ತಿ ಇನ್ನೂ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇವೆ. ಕಸಕ್ಕೆ ಹಾಕಲು ಮನಸ್ಸಿಲ್ಲ, ಕೆರೆಗೂ ಹಾಕಬಾರದು. ಅದಕ್ಕೆ ಏನಾದರೂ ದಾರಿ ಇದೆಯಾ?

ಸೇಡಂ ಮೇಷ್ಟ್ರು:

ಇದೆಯಮ್ಮಾ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಕಂಡುಹಿಡಿದ ದಾರಿ. ಅಮೋನಿಯಂ ಬೈಕಾರ್ಬೊನೇಟ್ ಅಂತ ಒಂದು ಪುಡಿ, ಬೇಕರಿಯವರು ಬಿಸ್ಕತ್ತಿಗೆ ಹಾಕುತ್ತಾರೆ. ಅಡುಗೆ ಸೋಡಾ ಬೇರೆ, ಇದು ಬೇರೆ. ಮೂರ್ತಿಯ ತೂಕಕ್ಕೆ ಹತ್ತಿರ ಹತ್ತಿರ ಅಷ್ಟೇ ತೂಕದ ಪುಡಿ ಬೇಕು. ಮೂರ್ತಿ ಮುಳುಗುವಷ್ಟು ನೀರಿಗೆ ಅದನ್ನು ಕಲಸಿ ಮೂರ್ತಿ ಇಡಿ. ಪ್ಲಾಸ್ಟಿಕ್ ಬಕೆಟ್ ಇರಲಿ, ತಾಮ್ರದ ಹಂಡೆ ಬೇಡ, ತಾಮ್ರಕ್ಕೆ ಅಮೋನಿಯಾ ಆಗುವುದಿಲ್ಲ. ಮೂಗಿಗೆ ಚುಚ್ಚುವ ವಾಸನೆ ಬರುತ್ತೆ, ಹಾಗಾಗಿ ಮಾಳಿಗೆ ಮೇಲೆ ಗಾಳಿಯಲ್ಲಿ ಮಾಡಿ, ಮಕ್ಕಳನ್ನು ದೂರ ಇಡಿ. ಕೆಲವು ತಾಸಿಗೊಮ್ಮೆ ಕೋಲಿನಿಂದ ಕದಡಿ. ಎರಡು ಮೂರು ದಿನದಲ್ಲಿ ಮೂರ್ತಿ ಕರಗಿ ತಳದಲ್ಲಿ ಬಿಳಿ ಪುಡಿ ಕೂರುತ್ತೆ. ಅದು ಸೀಮೆಸುಣ್ಣದ ಜಾತಿಯದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್ ಇರುತ್ತೆ, ಅದು ಗೊಬ್ಬರ. ಆದರೆ ನಿಮ್ಮ ಮೂರ್ತಿಯ ಬಣ್ಣ ಪೊರೆ ಬಿಟ್ಟಿತು ಅಂದಿರಿ. ಬಣ್ಣದ ಪೊರೆ ಕರಗುವುದಿಲ್ಲ, ಅದನ್ನು ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಆ ನೀರನ್ನು ತಿನ್ನುವ ಸೊಪ್ಪಿಗೆ, ತರಕಾರಿಗೆ ಹಾಕಬೇಡಿ. ಬಹಳ ನೀರು ಬೆರೆಸಿ ದೊಡ್ಡ ಮರದ ಬುಡಕ್ಕೆ ಹಾಕಿ.

ಸೂಪರ್ ಮಾರ್ಕೆಟ್ ಹತ್ತಿರದವನು:

ಕುಂಬಾರ ಓಣಿ ತಂಗಿ, ಕೊನೆಗೆ ಒಂದು ಪ್ರಶ್ನೆ. ಇಷ್ಟೆಲ್ಲಾ ಮಾಡಿಯೂ ಹಬ್ಬದ ಹಿಂದಿನ ದಿನ ಸಣ್ಣ ಬಿರುಕು ಕಂಡರೆ ಏನು ಮಾಡಬೇಕು? ಭಿನ್ನವಾದ ಮೂರ್ತಿ ಕೂರಿಸಬಾರದು ಅಂತ ಮನೆಯಲ್ಲಿ ಹೇಳುತ್ತಾರೆ.

ಕುಂಬಾರ ಓಣಿ ಮಗಳು:

ಪ್ರತಿಷ್ಠಾಪನೆಗೆ ಮೊದಲು ಕಂಡರೆ ತಿದ್ದಬಹುದು ಅಣ್ಣಾ, ನಾವೂ ತಿದ್ದಿಯೇ ಕೊಡುತ್ತೇವೆ. ಮಾಡುವಾಗಲೇ ಅದೇ ಮಣ್ಣಿನ ಒಂದು ಹಿಡಿಯನ್ನು ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿಡಿ. ಬೇರೆ ಮಣ್ಣು ತುಂಬಿದರೆ ಬಣ್ಣವೂ ಕೂಡುವುದಿಲ್ಲ, ಕುಗ್ಗುವ ಅಳತೆಯೂ ಕೂಡುವುದಿಲ್ಲ. ಬಿರುಕಿಗೆ ನೀರು ಸುರಿಯಬೇಡಿ, ಅಗಲ ಆಗುತ್ತೆ. ಪುಡಿಗೆ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ, ಎರಡು ಎಳೆ ಹತ್ತಿ ಸೇರಿಸಿ. ಬಿರುಕಿನ ಅಂಚನ್ನು ಒದ್ದೆ ಬೆರಳಿನಿಂದ ಬರೀ ಸವರಿ, ಕಡ್ಡಿಯಿಂದ ಒಳಗೆ ಒತ್ತಿ ತುಂಬಿ. ಅರ್ಧ ತಾಸು ಬಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಗೆರೆಯೂ ಕಾಣುವುದಿಲ್ಲ. ಸೊಂಡಿಲೇ ಬಿದ್ದುಹೋದರೆ ಮಾತ್ರ ತಿದ್ದಲು ಹೋಗಬೇಡಿ. ಮೂರ್ತಿ ನೆನೆಸಿ, ಮತ್ತೆ ಕಲಸಿ, ಚಿಕ್ಕದಾಗಿ ಮಾಡಿ. ಬೆರಳುದ್ದದ ಗಣಪ್ಪ ಒಂದೇ ದಿನಕ್ಕೆ ಕೂರಿಸುವಷ್ಟು ಒಣಗುತ್ತಾನೆ.